ದಂಡನಾಯಕರು ಮತ ಕೇಳಿದಾಗ

ಸಂಕ್ರಾಂತಿಯ ರಜೆ ಮುಗಿದು ಶಾಲೆ ತೆರೆದ ದಿನದ ಸಂಜೆ, ಮೂಕಂಡಪಲ್ಲಿಯ ಕೈಗಾರಿಕಾ ಬಡಾವಣೆಯ ದಾರಿಯಲ್ಲಿರುವ ಚಹದ ಅಂಗಡಿಯೊಂದರಲ್ಲಿ ನಾವು ಕುಳಿತಿದ್ದೆವು. ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತು. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ಬೆಂಚಿನ ಮೇಲೆ ಕುಳಿತು ರಾಜಕೀಯ ಮಾತನಾಡುತ್ತಿದ್ದುವು. ರಸ್ತೆಯ ಹೊಂಡದಿಂದ ಆರಂಭವಾದ ಮಾತು ಪಡಿತರದ ಅಕ್ಕಿಗೆ ಬಂದು, ಅಲ್ಲಿಂದ ಪಕ್ಷ ಬದಲಾಯಿಸುವ ಶಾಸಕರತ್ತ ಹೊರಳಿ, ಕೊನೆಗೆ ದೇಶದ ಭವಿಷ್ಯಕ್ಕೇ ತಲುಪಿತು. ಒಬ್ಬ ತರುಣನು ಲೋಟವನ್ನು ಕೆಳಗಿಟ್ಟು, "ಐದು ವರ್ಷ ಮಿಲಿಟರಿಯವರ ಕೈಗೆ ಕೊಟ್ಟು ನೋಡಲಿ, ಎಲ್ಲ ತಾನಾಗಿ ಸರಿಹೋಗುತ್ತದೆ" ಎಂದನು. ಬೆಂಚಿಗೆ ಬೆಂಚೇ ತಲೆದೂಗಿತು. ಮೂಲೆಯಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರು ಮಾತ್ರ ತಲೆದೂಗಲಿಲ್ಲ. ಏನನ್ನೂ ಹೇಳದೆ ಚಹದ ಹಣ ಕೊಟ್ಟು ಎದ್ದುಹೋದರು.

ನಾವು ತಲೆದೂಗಿದೆವೇ ಎಂದು ಓದುಗರು ಕೇಳಬಹುದು. ಸತ್ಯವನ್ನೇ ಹೇಳುತ್ತೇವೆ: ಅಭ್ಯಾಸಬಲದಿಂದ ನಮ್ಮ ತಲೆಯೂ ಅರ್ಧ ಅಲುಗಿತು. ಮನೆಗೆ ನಡೆದು ಬರುವಾಗ ಆ ಹವಾಲ್ದಾರರ ಮೌನ ನಮ್ಮನ್ನು ಬಿಡಲಿಲ್ಲ. ಈ ತಿಂಗಳ ನಮ್ಮ ಪುಟಕ್ಕೆ ಅದೇ ವಿಷಯವಾಯಿತು. ಏಕೆಂದರೆ, ಸೈನ್ಯದ ಅತ್ಯುನ್ನತ ಪದವಿಯಲ್ಲಿದ್ದವರೊಬ್ಬರು ಅಂಗಿ ಬದಲಾಯಿಸಿಕೊಂಡು ಜನರ ಮುಂದೆ ನಿಂತು ಮತ ಕೇಳಿದ ಪ್ರಸಂಗ ದೂರದ ದೇಶದ್ದು ಮಾತ್ರವಲ್ಲ. ನಮ್ಮ ಕನ್ನಡನಾಡಿನ ಮಗನ ಬಾಳಿನಲ್ಲೇ ಅದು ನಡೆದಿದೆ. ಫೀಲ್ಡ್ ಮಾರ್ಷಲ್ ಕರಿಯಪ್ಪನವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಅವರು ಲೋಕಸಭೆಯ ಚುನಾವಣೆಗೆ ನಿಂತಿದ್ದರೆಂಬುದನ್ನು ಅರಿತವರು ಬಹಳ ಇಲ್ಲ.

ಕೋದಂಡೇರ ಮಾದಪ್ಪ ಕರಿಯಪ್ಪನವರು 1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದರು. ತಂದೆ ಕಂದಾಯ ಇಲಾಖೆಯ ನೌಕರರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮುಂದಿನ ಓದು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯರಿಗೂ ಸೇನಾಧಿಕಾರದ ಪದವಿ ಕೊಡಬೇಕೆಂಬ ಒತ್ತಾಯ ಬಲವಾಗಿ, ಇಂದೋರಿನಲ್ಲಿ ಒಂದು ತರಬೇತಿ ಕಾಲೇಜು ತೆರೆಯಿತು. ಅಲ್ಲಿಂದ 1919ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಕೊಡಗಿನ ಈ ತರುಣನೂ ಇದ್ದನು. ಬಿಳಿಯ ಅಧಿಕಾರಿಗಳ ನಡುವೆ ಕರಿಯ ಅಧಿಕಾರಿಯಾಗಿ ಬದುಕುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ವಹಿಸಿದ ಮೊದಲ ಭಾರತೀಯರೂ ಅವರೇ. ಹೀಗೆ ಒಂದೊಂದು ಮೆಟ್ಟಿಲನ್ನೂ ಮೊದಲಿಗರಾಗಿ ಹತ್ತಿದರು.

ದೇಶ ಸ್ವತಂತ್ರವಾದೊಡನೆ ಕಾಶ್ಮೀರದ ಯುದ್ಧ ಬಂದಿತು. 1948ರಲ್ಲಿ ಪಶ್ಚಿಮ ಭಾಗದ ಸೇನಾಪತ್ಯ ಕರಿಯಪ್ಪನವರದು. 11,000 ಅಡಿಗೂ ಮಿಗಿಲಾದ ಎತ್ತರದ ಸೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆರಗುಗೊಳಿಸಿದ್ದು ಆಗಲೇ. ಅಲ್ಲಿ ರಣರಂಗದಲ್ಲಿ ನಿಂತು ಮುನ್ನಡೆಸಿದ ಜನರಲ್ ತಿಮ್ಮಯ್ಯನವರೂ ಕೊಡಗಿನವರೇ ಎಂಬುದು ನಮಗೆ ಇಮ್ಮಡಿ ಹೆಮ್ಮೆ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕರಿಯಪ್ಪನವರು ಅಧಿಕಾರ ಸ್ವೀಕರಿಸಿ ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ದೇಶ ಇಂದಿಗೂ ಸೇನಾ ದಿನವೆಂದು ಆಚರಿಸುತ್ತಿದೆ. ಸುಗ್ಗಿಯ ಹಬ್ಬದ ಗದ್ದಲದಲ್ಲಿ ನಮ್ಮ ಸೀಮೆಯ ಶಾಲೆಗಳಿಗೆ ಅದು ಬಂದುಹೋದದ್ದೇ ತಿಳಿಯುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೊಸೂರು ಸೀಮೆಯ ಓದುಗರು ವಿಶೇಷವಾಗಿ ಗಮನಿಸಬೇಕು. ಆ ದಿನ ಈ ಮಹಾದಂಡನಾಯಕರಿಗೂ ಮೇಲಾಗಿ ದೇಶದ ಗೌರ್ನರ್ ಜನರಲ್ ಸ್ಥಾನದಲ್ಲಿ ಕುಳಿತಿದ್ದವರು ಯಾರು? ನಮ್ಮ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಪಂಚೆ ಉಟ್ಟು, ಕೈಯಲ್ಲಿ ಕೋಲು ಹಿಡಿದು, ಜೀವಮಾನದಲ್ಲಿ ಬಂದೂಕು ಹಿಡಿಯದ ಒಬ್ಬ ವಕೀಲರ ಮುಂದೆ ಎದೆಯ ತುಂಬ ಪದಕ ಧರಿಸಿದ ಆರಡಿಯ ಸೇನಾಪತಿ ನೆಟ್ಟಗೆ ನಿಂತು ವಂದಿಸಬೇಕು. ಸ್ವತಂತ್ರ ಭಾರತದ ಏರ್ಪಾಡು ಇದು. ಬಂದೂಕಿಗಿಂತ ಪಂಚೆ ಮೇಲು ಎಂಬ ಈ ಏರ್ಪಾಡನ್ನು ಕರಿಯಪ್ಪನವರು ಅಧಿಕಾರದಲ್ಲಿದ್ದಷ್ಟು ದಿನವೂ ಚ್ಯುತಿಯಿಲ್ಲದೆ ಪಾಲಿಸಿದರು. ನೆರೆಯ ದೇಶಗಳ ಸೇನೆಗಳು ಅರಮನೆಗಳತ್ತ ನಡೆದಾಗಲೂ ನಮ್ಮ ಸೇನೆ ತನ್ನ ಶಿಬಿರದಲ್ಲೇ ಉಳಿಯಿತು. ಅದಕ್ಕೆ ಮೊದಲ ದಂಡನಾಯಕರು ಹಾಕಿಕೊಟ್ಟ ಮೇಲ್ಪಂಕ್ತಿಯೂ ಒಂದು ಕಾರಣ.

ಆದರೂ ಅವರ ಮನಸ್ಸಿನಲ್ಲಿ ಬೇರೊಂದು ಎಳೆ ಮೊದಲಿಂದಲೂ ಇತ್ತು. ದೇಶ ಶಿಸ್ತಿನಿಂದ ನಡೆಯಬೇಕು, ತಾನು ಕಂಡ ಸತ್ಯವನ್ನು ಬಹಿರಂಗವಾಗಿ ಹೇಳಬೇಕು ಎಂಬ ತವಕ. ಅಧಿಕಾರದಲ್ಲಿದ್ದಾಗಲೇ ಪತ್ರಿಕೆಯವರೊಡನೆ ಅನೇಕ ವಿಷಯಗಳ ಬಗ್ಗೆ ಮಾತನಾಡುತ್ತಿದ್ದರು. 1952ರಲ್ಲಿ ಪ್ರಧಾನಮಂತ್ರಿ ನೆಹರೂ ಅವರೇ ಪತ್ರ ಬರೆದು, ಇಂಥ ಮಾತುಗಳನ್ನು ಕಡಿಮೆ ಮಾಡಬೇಕೆಂದು ನಯವಾಗಿ ಸೂಚಿಸಿದರು. 1953ರ ಜನವರಿಯಲ್ಲಿ ಅವರು ನಿವೃತ್ತರಾದರು. ಆಗಿನ್ನೂ ಐವತ್ತಮೂರರ ಪ್ರಾಯ, ನಮ್ಮಂಥ ಮುಖ್ಯೋಪಾಧ್ಯಾಯರು ಇನ್ನೂ ಹಾಜರಿ ಪುಸ್ತಕ ಹಿಡಿದು ನಿಲ್ಲುವ ವಯಸ್ಸು. ಅನಂತರ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಿಗೆ ಹೈಕಮಿಷನರ್ ಆಗಿದ್ದು, ಮಡಿಕೇರಿಯ ತಮ್ಮ 'ರೋಷನಾರಾ' ಮನೆಗೆ ಹಿಂದಿರುಗಿದರು. ಅದೇ 1956ರಲ್ಲಿ ಕೊಡಗು ಕನ್ನಡನಾಡಿನೊಂದಿಗೆ ಒಂದಾಯಿತು; ನಮ್ಮ ಹೊಸೂರು ಹೊರಗೆ ಉಳಿಯಿತು.

ನಿವೃತ್ತರಾದ ಮೇಲೆ ಆ ಎಳೆ ದಪ್ಪವಾಗುತ್ತ ಬಂದಿತು. 1958ರಲ್ಲಿ ಪಾಕಿಸ್ತಾನದಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡಿತು. ಹಾಗೆ ಮಾಡಿದವರು ಕರಿಯಪ್ಪನವರ ಹಳೆಯ ಒಡನಾಡಿಗಳು. ಆ ದೇಶಕ್ಕೆ ಹೋಗಿಬಂದ ನಮ್ಮ ಜನರಲ್ ಅವರು, ಅಲ್ಲಿನ ಅವ್ಯವಸ್ಥೆಯೇ ಆ ದೇಶಭಕ್ತರನ್ನು ಈ ದಾರಿಗೆ ತಂದಿತೆಂಬ ಅರ್ಥದಲ್ಲಿ ಬಹಿರಂಗವಾಗಿ ಮೆಚ್ಚಿ ನುಡಿದರು. ಅದಾದ ಸುಮಾರು ಹತ್ತು ವರ್ಷಗಳ ಮೇಲೆ ಪಶ್ಚಿಮ ಬಂಗಾಳದಲ್ಲಿ ಗಲಭೆ ಹೆಚ್ಚಿದಾಗ, ಅಲ್ಲಿ ಕಡಮೆಯೆಂದರೆ ಐದು ವರ್ಷ ರಾಷ್ಟ್ರಪತಿ ಆಳ್ವಿಕೆ ಇರಬೇಕೆಂದು ಲೇಖನ ಬರೆದು ಒಂದು ಇಂಗ್ಲಿಷ್ ಪತ್ರಿಕೆಗೆ ಕಳುಹಿಸಿದರು. ಅದು ಪ್ರಕಟವಾದರೆ ಇಬ್ಬರಿಗೂ ಮುಜುಗರವೆಂದು ಸಂಪಾದಕರು ಹಿಂದಿರುಗಿಸಿದರು. ಓದುಗರು ಗಮನಿಸಿರಿ: ಅಲ್ಲಿಯೂ ಐದೇ ವರ್ಷ. ನಮ್ಮ ಚಹದಂಗಡಿಯ ತರುಣನು ಹೇಳಿದ ಸಂಖ್ಯೆಯೇ. ಐದು ವರ್ಷ ಎಂದೊಡನೆ ಅದು ಔಷಧದ ಪ್ರಮಾಣದಂತೆ ಕೇಳಿಸುತ್ತದೆ. ಆರನೆಯ ವರ್ಷ ಅಧಿಕಾರ ಬಿಟ್ಟು ಇಳಿಯುವಂತೆ ಹೇಳುವವರು ಯಾರೆಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಕೊನೆಗೆ 1971 ಬಂದಿತು. ಇಂದಿರಾ ಗಾಂಧಿಯವರು ಅವಧಿಗೆ ಮುನ್ನವೇ ಲೋಕಸಭೆಗೆ ಚುನಾವಣೆ ಕರೆದರು. ಎಪ್ಪತ್ತೆರಡರ ಹರೆಯದ ಜನರಲ್ ಕರಿಯಪ್ಪನವರು ಈಶಾನ್ಯ ಮುಂಬಯಿ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತರು. ಕೊಡಗಿನಿಂದಲ್ಲ, ಮೈಸೂರಿನಿಂದಲ್ಲ, ಮುಂಬಯಿಯಿಂದ. ಅವರ ಬೆಂಬಲಕ್ಕೆ ನಿಂತದ್ದು ಶಿವಸೇನೆ. ಇದನ್ನು ಗಡಿಸೀಮೆಯ ಕನ್ನಡಿಗರು ಎರಡು ಸಲ ಓದಬೇಕು. ಆ ಸಂಘಟನೆ 1966ರಲ್ಲಿ ಹುಟ್ಟಿದಾಗ ದಕ್ಷಿಣದಿಂದ ಹೊಟ್ಟೆಪಾಡಿಗೆ ಬಂದವರ ವಿರುದ್ಧವೇ ಕೂಗೆಬ್ಬಿಸಿತ್ತು. ಬೆಳಗಾವಿಯ ಗಡಿಪ್ರಶ್ನೆಗಾಗಿ 1969ರಲ್ಲಿ ಅದು ನಡೆಸಿದ ಚಳವಳಿಯಲ್ಲಿ ಮುಂಬಯಿ ಹೊತ್ತಿ ಉರಿದಿತ್ತು. ಅದಾಗಿ ಎರಡೇ ವರ್ಷಕ್ಕೆ ಅದೇ ಸಂಘಟನೆ ಕನ್ನಡನಾಡಿನಿಂದ ಬಂದ ದಂಡನಾಯಕರಿಗಾಗಿ ಮತ ಕೇಳಿತು. ಶಿಸ್ತು, ದೇಶಭಕ್ತಿ, ಬಲವಾದ ಕೈ ಎಂಬ ಮಾತುಗಳು ಯಾರನ್ನು ಯಾರ ಜೊತೆಗೆ ಕೂರಿಸುತ್ತವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಜನರಲ್ ಅವರ ಮನಸ್ಸಿನಲ್ಲಿ ಪ್ರಾಂತಭೇದವಿರಲಿಲ್ಲ, ನಿಜ. ಚುನಾವಣೆಯಲ್ಲಿ ಮಾತ್ರ ಅಭ್ಯರ್ಥಿಯ ಮನಸ್ಸಿನ ಜೊತೆಗೆ ಅವನ ಬೆನ್ನ ಹಿಂದೆ ನಿಂತವರ ಮನಸ್ಸೂ ಎಣಿಕೆಗೆ ಬರುತ್ತದೆ.

ಫಲಿತಾಂಶ ಬಂದಾಗ ದೇಶದಲ್ಲಿ ಇಂದಿರಾ ಅವರ ಪಕ್ಷ 352 ಸ್ಥಾನಗಳನ್ನು ಗೆದ್ದಿತ್ತು. ಈಶಾನ್ಯ ಮುಂಬಯಿಯೂ ಅವರ ಪಕ್ಷಕ್ಕೇ ಹೋಯಿತು. ಕಾಶ್ಮೀರವನ್ನು ಉಳಿಸಿದ ದಂಡನಾಯಕರು ಸೋತರು.

ಜನ ಕೃತಘ್ನರೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಇಲ್ಲಿ ಹೇಳಿಬಿಡುವುದು ಸುಲಭ. ನಾವು ಹಾಗೆ ಎಣಿಸುವುದಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕನಾಗಲಿ ಜೋಪಡಿಯ ತಾಯಿಯಾಗಲಿ ಕರಿಯಪ್ಪನವರ ಶೌರ್ಯವನ್ನು ಅಲ್ಲಗಳೆಯಲಿಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ: ನಲ್ಲಿಯಲ್ಲಿ ನೀರು ಬಾರದಿದ್ದರೆ, ಕೂಲಿ ಕಡಿಮೆಯಾದರೆ, ಈ ಮನುಷ್ಯನ ಮನೆಯ ಬಾಗಿಲನ್ನು ನಾವು ತಟ್ಟಬಹುದೇ? ಅಪ್ಪಣೆ ಕೊಡುವುದರಲ್ಲಿ ಜೀವ ಸವೆಸಿದವರು ಅಹವಾಲು ಕೇಳುವುದರಲ್ಲಿಯೂ ಅಷ್ಟೇ ಪಳಗಿರುತ್ತಾರೆಯೇ? ಈ ಸಂದೇಹ ಅಪಮಾನವಲ್ಲ, ಪ್ರಜೆಯ ಹಕ್ಕು.

ಒಂದು ವೇಳೆ ಅವರು ಗೆದ್ದಿದ್ದರೆ, ಅವರ ಹಿಂದೆ ದೊಡ್ಡ ಜನಸಾಗರವೇ ಎದ್ದಿದ್ದರೆ ಏನಾಗುತ್ತಿತ್ತು? ಅದಕ್ಕೆ ಉತ್ತರ ಬೇಕಾದರೆ ನಾವು ಯೂರೋಪಿನ ರುಮೇನಿಯಾ ದೇಶಕ್ಕೆ ಹೋಗಿಬರಬೇಕು. ಅಲ್ಲಿ ಅಂಥ ಒಬ್ಬ ದಂಡನಾಯಕರು ನಿಜವಾಗಿಯೂ ಗೆದ್ದರು.

ಅಲೆಕ್ಸಾಂದ್ರು ಅವೆರೆಸ್ಕು ಅವರು ಹುಟ್ಟಿದ್ದು 1859ರಲ್ಲಿ. ತುರ್ಕರ ವಿರುದ್ಧ 1877ರಲ್ಲಿ ನಡೆದ ಯುದ್ಧಕ್ಕೆ ಸ್ವಯಂಸೇವಕನಾಗಿ ಸೇರಿ, ಇಟಲಿಯಲ್ಲಿ ಸೇನಾವಿದ್ಯೆ ಕಲಿತು, ಸ್ವಂತ ಸಾಮರ್ಥ್ಯದಿಂದ ಮೇಲೇರಿದವರು. 1907ರಲ್ಲಿ ರುಮೇನಿಯಾದ ಬಡ ರೈತರು ಜಮೀನ್ದಾರರ ವಿರುದ್ಧ ದಂಗೆ ಎದ್ದಾಗ ಅದನ್ನು ಅಡಗಿಸಿದ ಯುದ್ಧಮಂತ್ರಿ ಇವರೇ. ಹಳ್ಳಿಗಳ ಮೇಲೆ ಫಿರಂಗಿ ಹಾರಿತು. ಸತ್ತ ರೈತರು ಸಾವಿರಾರು ಮಂದಿ. ಹತ್ತು ವರ್ಷ ಕಳೆಯಿತು. ಮೊದಲನೆಯ ಮಹಾಯುದ್ಧದಲ್ಲಿ ದೇಶದ ಬಹುಭಾಗ ಶತ್ರುವಿನ ವಶವಾಗಿ ಜನ ಕಂಗೆಟ್ಟಿದ್ದಾಗ, 1917ರ ಬೇಸಗೆಯಲ್ಲಿ ಮರಶ್ತಿ ಎಂಬಲ್ಲಿ ಅವೆರೆಸ್ಕು ಅವರ ಸೇನೆ ಜಯ ಗಳಿಸಿತು. ಗೆದ್ದ ಸೈನಿಕರೆಲ್ಲ ರೈತರ ಮಕ್ಕಳು. ಯುದ್ಧದ ನಂತರ ಭೂಮಿ ಕೊಡುವೆವೆಂದು ರಾಜನು ಅವರಿಗೆ ಮಾತು ಕೊಟ್ಟಿದ್ದನು. ಆ ಮಾತನ್ನು ನಡೆಸಿಕೊಡುವವರು ನಮ್ಮ ಜನರಲ್ ಎಂದೇ ಸೈನಿಕರು ನಂಬಿದರು. ಹತ್ತು ವರ್ಷದ ಹಿಂದೆ ತಮ್ಮ ತಂದೆಯರ ಮೇಲೆ ಗುಂಡು ಹಾರಿಸಲು ಅಪ್ಪಣೆ ಕೊಟ್ಟವರನ್ನೇ 'ತಂದೆ' ಎಂದು ಕರೆದರು. ಜನರ ಹಸಿವು ಅಷ್ಟಿತ್ತು, ಬೇರೆ ರಾಜಕಾರಣಿಗಳ ಬಗ್ಗೆ ಅವರಿಗೆ ಹುಟ್ಟಿದ್ದ ಜಿಗುಪ್ಸೆಯೂ ಅಷ್ಟಿತ್ತು.

1918ರಲ್ಲಿ ಅವೆರೆಸ್ಕು ಅವರು ಒಂದು ಸಂಘ ಕಟ್ಟಿದರು. ಅದು 1920ರಲ್ಲಿ 'ಜನತಾ ಪಕ್ಷ'ವಾಯಿತು. ಹಳೆಯ ಪಕ್ಷಗಳ ಭ್ರಷ್ಟತೆ ತೊಲಗಬೇಕು, ಯುದ್ಧದ ವೈಫಲ್ಯಕ್ಕೆ ಕಾರಣರಾದವರನ್ನು ವಿಚಾರಣೆಗೆ ಗುರಿಪಡಿಸಬೇಕು, ರೈತನಿಗೆ ಭೂಮಿ ಸಿಗಬೇಕು ಎಂಬುದು ಅವರ ಕೂಗು. 1920ರ ಮಾರ್ಚಿಯಲ್ಲಿ ಅವರು ಪ್ರಧಾನಮಂತ್ರಿಗಳಾದರು. ನ್ಯಾಯವಾಗಿ ಹೇಳಬೇಕೆಂದರೆ, 1921ರಲ್ಲಿ ಭೂಸುಧಾರಣೆಯ ಕಾನೂನನ್ನು ಅವರ ಸರ್ಕಾರವೇ ಜಾರಿಗೆ ತಂದಿತು. ಅದು ಸಣ್ಣ ಕೆಲಸವಲ್ಲ. ಆದರೆ 1920ರ ಅಕ್ಟೋಬರಿನಲ್ಲಿ ಕಾರ್ಮಿಕರು ದೇಶಾದ್ಯಂತ ಮುಷ್ಕರ ಹೂಡಿದಾಗ ಹಳೆಯ ದಂಡನಾಯಕ ಮತ್ತೆ ಎಚ್ಚರಗೊಂಡರು. ಮುಷ್ಕರವನ್ನು ಬಲದಿಂದ ಮುರಿದರು. ಹಳೆಯ ಪಕ್ಷಗಳ ವಿಚಾರಣೆಯ ಮಾತು ಮರೆಯಾಯಿತು. ಆ ಪಕ್ಷಗಳ ಮುಖಂಡರೊಡನೆಯೇ ಕೂಡಿ ನಡೆಯಬೇಕಾಯಿತು. ಆ ದೇಶದಲ್ಲಿ ರಾಜನು ಮೊದಲು ಪ್ರಧಾನಿಯನ್ನು ನೇಮಿಸುವುದು, ಹಾಗೆ ನೇಮಕಗೊಂಡವರು ಚುನಾವಣೆ ನಡೆಸಿ ಗೆಲ್ಲುವುದು ವಾಡಿಕೆ. ಜನರ ತಂದೆ ಎನಿಸಿಕೊಂಡವರು ಅರಮನೆಯ ಕರೆಗೆ ಕಾಯುವವರಾದರು.

1926ರಲ್ಲಿ ಮತ್ತೆ ಕರೆ ಬಂದಿತು. ಆ ವರ್ಷದ ಚುನಾವಣೆಯಲ್ಲಿ ಅವರ ಪಕ್ಷ 387 ಸ್ಥಾನಗಳಲ್ಲಿ 292ನ್ನು ಗೆದ್ದಿತು. ಮರುವರ್ಷದ ಜೂನ್ ತಿಂಗಳಿನಲ್ಲಿ ಅರಮನೆ ಅವರನ್ನು ಇಳಿಸಿತು. ಜುಲೈಯಲ್ಲಿ ಹೊಸ ಚುನಾವಣೆ ನಡೆಯಿತು. ಅವೆರೆಸ್ಕು ಅವರ ಪಕ್ಷಕ್ಕೆ ದೊರೆತ ಸ್ಥಾನಗಳು ಎಷ್ಟೆಂದು ಓದುಗರು ಊಹಿಸಬಲ್ಲರೇ? ಒಂದೂ ಇಲ್ಲ. ನೂರಕ್ಕೆ ಎರಡರಷ್ಟೂ ಮತ ಬೀಳಲಿಲ್ಲ. 292ರಿಂದ ಸೊನ್ನೆಗೆ, ಒಂದೇ ವರ್ಷದಲ್ಲಿ. ಮೆರವಣಿಗೆಯ ಜನ ಬೇರೆ, ಬೇರೂರಿದ ಪಕ್ಷ ಬೇರೆ ಎಂಬುದನ್ನು ನಮ್ಮ ಮಕ್ಕಳಿಗೆ ಪೌರನೀತಿಯ ಪಾಠದಲ್ಲಿ ಕಲಿಸಲು ಇದೊಂದೇ ಲೆಕ್ಕ ಸಾಕು. 1930ರಲ್ಲಿ ಅವರಿಗೆ ಮಾರ್ಷಲ್ ಪದವಿ ಸಂದಿತು, 1938ರಲ್ಲಿ ತೀರಿಕೊಂಡರು. ಅವರನ್ನು ಸಮಾಧಿ ಮಾಡಿದ್ದು ಮರಶ್ತಿಯಲ್ಲಿ, ತಮ್ಮ ಸೈನಿಕರ ನಡುವೆ. ಮಂತ್ರಿಯಾಗಿದ್ದ ಬುಕಾರೆಸ್ಟ್ ನಗರದಲ್ಲಿ ಅಲ್ಲ.

ಈ ಕಥೆಯಲ್ಲಿ ನಮ್ಮಂಥವರಿಗೆ ಹತ್ತಿರವಾದ ಇನ್ನೊಂದು ಪುಟವಿದೆ. ಮಹಾಯುದ್ಧದ ನಂತರ ಗಡಿರೇಖೆಗಳು ಬದಲಾಗಿ, ಹಂಗೇರಿಯನ್ ಭಾಷೆಯ ಲಕ್ಷಾಂತರ ಜನ ರುಮೇನಿಯಾದ ಪ್ರಜೆಗಳಾಗಿದ್ದರು. ಮನೆ ಅಲ್ಲಿಯೇ, ಹೊಲ ಅಲ್ಲಿಯೇ; ಸರ್ಕಾರದ ಭಾಷೆ ಮಾತ್ರ ಬೇರೆ. ಇದು ಎಂಥ ಸ್ಥಿತಿಯೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. 1923ರಲ್ಲಿ ಚುಚಾ ಎಂಬ ಊರಿನಲ್ಲಿ ಅವೆರೆಸ್ಕು ಅವರ ಪಕ್ಷವು ಈ ಜನರ ಮುಖಂಡರೊಡನೆ ಒಂದು ಒಪ್ಪಂದ ಮಾಡಿಕೊಂಡಿತು: ನಮಗೆ ಬೆಂಬಲ ಕೊಡಿರಿ, ನಿಮ್ಮ ಶಾಲೆ, ಭಾಷೆಗಳ ಹಕ್ಕುಗಳನ್ನು ನಾವು ಕಾಯುತ್ತೇವೆ. ಬಲಶಾಲಿಯಾದವರ ಮಾತು, ನಡೆದೀತು ಎಂದು ಜನ ನಂಬಿದರು. 1926ರಲ್ಲಿ ಅಧಿಕಾರ ಬಂದಾಗ ಆ ಭರವಸೆಯ ಬಹುಭಾಗ ಕಾಗದದಲ್ಲಿಯೇ ಉಳಿಯಿತು. ಮುಂದಿನ ವರ್ಷ ಮಾತು ಕೊಟ್ಟವರೇ ಅಧಿಕಾರದಿಂದ ಹೋದರು. ಒಬ್ಬ ವ್ಯಕ್ತಿಯ ಮಾತಿಗೆ ಕಟ್ಟಿದ ಹಕ್ಕು ಆ ವ್ಯಕ್ತಿಯ ಜೊತೆಗೇ ಹೋಗುತ್ತದೆ.

ನಮ್ಮ ಕಡೆ ನೋಡೋಣ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ವಿಧಿ ನಮ್ಮ ಸಂವಿಧಾನದಲ್ಲಿ 1956ರಿಂದ ಇದೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡುವ ಕಾಯಿದೆ ಬಂದಾಗ ಕನ್ನಡ, ತೆಲುಗು, ಉರ್ದು ಶಾಲೆಗಳ ತಾಯಿತಂದೆಯರು ದಿಕ್ಕುಗೆಡಲಿಲ್ಲ. ಮನವಿ ಬರೆದರು, ಶಾಸಕರ ಮನೆಗೆ ಅಲೆದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಪರೀಕ್ಷೆಯಲ್ಲಿ ಕಾಲಕಾಲಕ್ಕೆ ವಿನಾಯಿತಿ ಪಡೆದರು. ಎಲ್ಲವೂ ಸರಿಯಾಯಿತೆಂದು ನಾವು ಹೇಳುತ್ತಿಲ್ಲ. ಈ ದಾರಿ ಉದ್ದ, ಚಪ್ಪಲಿ ಸವೆಯುತ್ತದೆ. ಆದರೂ ಅದು ಒಂದು ದಾರಿ. ಅಪ್ಪಣೆಯ ಆಳ್ವಿಕೆಯಲ್ಲಿ ಮೊದಲು ಮುಚ್ಚುವುದು ಈ ದಾರಿಯೇ. ಮುಚ್ಚಿದ್ದು ಮೊದಲು ತಿಳಿಯುವುದು ಎಣಿಕೆಯಲ್ಲಿ ಕಡಿಮೆ ಇರುವ ನಮ್ಮಂಥವರಿಗೆ.

ಇಷ್ಟು ಬರೆದ ಮೇಲೆ ನಮ್ಮ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯ. ಉಪಾಧ್ಯಾಯ ತರಬೇತಿಯಲ್ಲಿ ನಾವು ಕಲಿತದ್ದು, ಸದ್ದಿಲ್ಲದ ತರಗತಿಯೇ ಒಳ್ಳೆಯ ತರಗತಿ ಎಂದು. ಕೆಲವು ವರ್ಷಗಳ ಹಿಂದೆ ಶಾಲೆಯಲ್ಲಿ ವಿದ್ಯಾರ್ಥಿ ನಾಯಕರ ಚುನಾವಣೆ ಗದ್ದಲಕ್ಕೆ ತಿರುಗಿತು. ಬೇಸತ್ತು ಅದನ್ನು ರದ್ದು ಮಾಡಿದೆವು. ಕವಾಯತಿನಲ್ಲಿ ಮುಂದಿದ್ದ, ಎತ್ತರದ, ಗಟ್ಟಿ ದನಿಯ ಒಬ್ಬ ಹುಡುಗನನ್ನು ನಾವೇ ನಾಯಕನನ್ನಾಗಿ ನೇಮಿಸಿದೆವು. ಒಳ್ಳೆಯ ಹುಡುಗ, ಸುಳ್ಳು ಹೇಳುವವನಲ್ಲ. ಒಂದೇ ವಾರದಲ್ಲಿ ಸಾಲುಗಳು ನೂಲು ಹಿಡಿದಂತೆ ನೆಟ್ಟಗಾದವು. ತಪಾಸಣೆಗೆ ಬಂದವರು ಹೊಗಳಿದರು. ನಮಗೂ ಹೆಮ್ಮೆಯಾಯಿತು.

ಒಂದು ದಿನ ಒಂದನೆಯ ತರಗತಿಯ ಮಗುವಿನ ತಾಯಿ ಬಂದು ನಮ್ಮ ಮುಂದೆ ನಿಂತಳು. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಒಣಗಿ ಮೂರು ವಾರಗಳಾಗಿದ್ದವಂತೆ. ಆ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇದ್ದು ಜ್ವರದಲ್ಲಿ ಮಲಗಿತ್ತು. ನಮಗೆ ಯಾರೂ ಹೇಳಲಿಲ್ಲವೇಕೆ? ಹುಡುಗನನ್ನು ಕರೆದು ಕೇಳಿದೆವು. "ಸಾಲಿನಲ್ಲಿ ಮಾತನಾಡಕೂಡದು ಎಂದು ನೀವೇ ಹೇಳಿದ್ದಿರಿ ಸಾರ್" ಎಂದನು. ಅವನ ತಪ್ಪಲ್ಲ. ಹಿಂದಿನ ವರ್ಷ ಮಕ್ಕಳೇ ಆರಿಸಿದ್ದ ನಾಯಕಿ ಒಬ್ಬ ಸಣ್ಣ ಹುಡುಗಿ. ಅವಳ ದನಿ ಸಾಲಿನ ಕೊನೆಗೂ ತಲುಪುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ನಮ್ಮ ಕೋಣೆಗೆ ಬಂದು ಒಡೆದ ಹಲಗೆ, ಉಪ್ಪಿಲ್ಲದ ಸಾರು, ಒಣಗಿದ ನಲ್ಲಿ ಎಂದು ತಲೆ ತಿನ್ನುತ್ತಿದ್ದಳು. ಆ ತಲೆನೋವೇ ಶಾಲೆಯ ಆರೋಗ್ಯವಾಗಿತ್ತೆಂದು ನಮಗೆ ಆಗ ತಿಳಿಯಿತು. ಮರುವರ್ಷದಿಂದ ಚುನಾವಣೆ ಮತ್ತೆ ನಡೆಯುತ್ತಿದೆ, ಗದ್ದಲವೂ ಇದೆ.

ಸೈನಿಕರು ರಾಜಕೀಯಕ್ಕೆ ಬರಬಾರದೆಂದು ನಾವು ಹೇಳುವುದಿಲ್ಲ. ಸಮವಸ್ತ್ರ ಕಳಚಿದ ಮೇಲೆ ಅವರೂ ಎಲ್ಲರಂತೆ ಪ್ರಜೆಗಳು. ಮೇಜರ್ ಜನರಲ್ ಖಂಡೂರಿಯವರು 2007ರಲ್ಲಿ ಉತ್ತರಾಖಂಡದ ಮುಖ್ಯಮಂತ್ರಿಗಳಾದರು. ಎರಡನೆಯ ಸಲ ಮುಖ್ಯಮಂತ್ರಿಯಾಗಿದ್ದಾಗ 2012ರಲ್ಲಿ ತಮ್ಮ ಕ್ಷೇತ್ರದಲ್ಲಿಯೇ ಸೋತು ಅಧಿಕಾರ ಬಿಟ್ಟರು. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರು 2014ರಲ್ಲಿ ಗಾಜಿಯಾಬಾದಿನಿಂದ ಲೋಕಸಭೆಗೆ ಆರಿಸಿಬಂದರು. ಜನ ಕರೆದಾಗ ಬಂದು, ಜನ ಬೇಡವೆಂದಾಗ ಹೋಗುವವರೆಗೆ ಯಾರು ಬಂದರೂ ಚಿಂತೆಯಿಲ್ಲ. ಬಂದವರನ್ನು ಕಳುಹಿಸುವ ಬಾಗಿಲು ಮುಚ್ಚಬಾರದು, ಅಷ್ಟೆ.

ಕರಿಯಪ್ಪನವರು ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂಬುದು ನಮ್ಮ ಅಭಿಪ್ರಾಯ. ಬಾಯಲ್ಲಿ ಏನೇ ಹೇಳಿದ್ದರೂ ಅವರು ಅಧಿಕಾರಕ್ಕಾಗಿ ಹಿಡಿದ ದಾರಿ ಮತಪೆಟ್ಟಿಗೆಯದು. ಸೋತರು, ಸೋಲನ್ನು ಹೊತ್ತು ಮಡಿಕೇರಿಗೆ ಹಿಂದಿರುಗಿದರು. ನಿವೃತ್ತ ಸೈನಿಕರ ಕಷ್ಟಸುಖ ವಿಚಾರಿಸುವುದೇ ಕೊನೆಯವರೆಗೂ ಅವರ ಕೆಲಸವಾಯಿತು. ಅವರ ನಿಜವಾದ ಎತ್ತರ ಕಂಡದ್ದು ಚುನಾವಣೆಯ ವೇದಿಕೆಯಲ್ಲಿ ಅಲ್ಲ, ಅದಕ್ಕೆ ಆರು ವರ್ಷ ಮೊದಲೇ. 1965ರ ಯುದ್ಧದಲ್ಲಿ ವಿಮಾನದಳದಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಳೆಯ ಪರಿಚಯದಿಂದ ವಿಶೇಷ ಸೌಕರ್ಯ ನೀಡಲು ಮುಂದಾದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡವೆಂಬ ಉತ್ತರ ಮಡಿಕೇರಿಯಿಂದ ಹೋಯಿತು. 1986ರಲ್ಲಿ ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ನೀಡಿ ಗೌರವಿಸಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಮುಂಬಯಿಯ ಮತದಾರರು ಅವರನ್ನು ಸೋಲಿಸಿ, ತಮಗರಿಯದೆಯೇ, ಅವರ ಹೆಸರನ್ನು ಕಾಪಾಡಿದರೋ ಏನೋ. 292ರ ಗೆಲುವೂ ಇಲ್ಲ, ಸೊನ್ನೆಯ ಅವಮಾನವೂ ಇಲ್ಲ.

ಮೊನ್ನೆ ಆ ಹವಾಲ್ದಾರರು ಮೊಮ್ಮಗಳನ್ನು ಕರೆದುಕೊಂಡು ಹೋಗಲು ಶಾಲೆಗೆ ಬಂದಿದ್ದರು. ಅಂದು ಏಕೆ ತಲೆದೂಗಲಿಲ್ಲವೆಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸೈನ್ಯದಲ್ಲಿದ್ದಾಗ ಹೇಳಿದ್ದನ್ನು ಮಾಡಿದೆ, ಪ್ರಶ್ನೆ ಕೇಳಲಿಲ್ಲ. ಅಲ್ಲಿ ಅದೇ ಸರಿ. ಊರಿಗೆ ಬಂದ ಮೇಲೆ ಪಿಂಚಣಿ ತಡವಾಯಿತು. ಹತ್ತು ಕಡೆ ಹೋಗಿ ಕೇಳಿದೆ, ಜಗಳವಾಡಿದೆ, ಬಂದಿತು. ಊರಲ್ಲಿಯೂ ಅಪ್ಪಣೆಯೇ ನಡೆದರೆ ನಾನು ಹೋಗಿ ಕೇಳುವುದು ಯಾರನ್ನು ಸಾರ್?"

ಮುಂದಿನ ಸಲ ಚಹದಂಗಡಿಯಲ್ಲಿ ಆ ಐದು ವರ್ಷದ ಮಾತು ಬಂದಾಗ ನಮ್ಮ ತಲೆ ಅರ್ಧವೂ ಅಲುಗಲಾರದು. ಅಲ್ಲಿರುವ ತರುಣನಿಗೆ ಹವಾಲ್ದಾರರ ಈ ಪ್ರಶ್ನೆಯನ್ನೇ ದಾಟಿಸಬೇಕೆಂದಿದ್ದೇವೆ. ಓದುಗರ ಊರುಗಳಲ್ಲಿಯೂ ಅಂಥ ಬೆಂಚುಗಳಿರುತ್ತವೆ. ಅಲ್ಲಿಯೂ ಅದು ದಾಟಲಿ.